ಮೊದಲು ತಕ್ಕಡಿ, ಆಮೇಲೆ ಪ್ರತಿಜ್ಞೆ



ಕೇಟರಿಂಗ್ ಉದ್ಯೋಗದಲ್ಲಿರುವ ನಮ್ಮವರಿಗೆ ಬೇಗಂ ಬಜಾರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಹೈದರಾಬಾದಿನಲ್ಲೇ ನೆಲೆಸಿದವರಿರಲಿ, ಮದುವೆ ಸೀಸನ್ನಿಗೆ ಮುಂಚೆ ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಗಾಡಿ ಮಾಡಿಕೊಂಡು ಬರುವವರಿರಲಿ, ಕೊಪ್ಪರಿಗೆಯಿಂದ ಹಿಡಿದು ಕಾಗದದ ಲೋಟದವರೆಗೆ, ಗೋಡಂಬಿಯಿಂದ ಹಿಡಿದು ಒಣಮೆಣಸಿನಕಾಯಿಯವರೆಗೆ ಎಲ್ಲಕ್ಕೂ ಇದೇ ಪೇಟೆ. ಎರಡನೇ ನಿಜಾಮ ಅಲಿ ಖಾನರ ಬೇಗಂ ವ್ಯಾಪಾರಿಗಳಿಗೆ ದಾನವಾಗಿ ಕೊಟ್ಟ ಜಾಗದಲ್ಲಿ ಈ ಪೇಟೆ ಬೆಳೆಯಿತೆಂದು, ಅದರಿಂದಲೇ ಈ ಹೆಸರು ಬಂತೆಂದು ಹೇಳುತ್ತಾರೆ.

ಇಲ್ಲಿನ ಪಾತ್ರೆ ಅಂಗಡಿಗಳಲ್ಲಿ ನಮಗೆಲ್ಲ ಗೊತ್ತಿರುವ ಒಂದು ಪದ್ಧತಿಯಿದೆ. ತಳ ಸವೆದ ಹಿತ್ತಾಳೆ ಕೊಪ್ಪರಿಗೆ, ಸೀಳು ಬಿಟ್ಟ ತಾಮ್ರದ ಹಂಡೆ ತಂದುಕೊಟ್ಟರೆ ತೂಗುತ್ತಾರೆ. ಅಂದಿನ ದರ ಹೇಳುತ್ತಾರೆ. ಹೊಸ ಪಾತ್ರೆಯ ಬಿಲ್ಲಿನಲ್ಲಿ ಆ ಹಣ ಕಳೆಯುತ್ತಾರೆ. ಹಳೆಯದು ಕರಗಿ ಮತ್ತೆ ಪಾತ್ರೆಯಾಗಿ ಬರುತ್ತದೆ. ಇದನ್ನು ಯಾರೂ ಪರಿಸರ ಸಂರಕ್ಷಣೆ ಎಂದು ಕರೆದವರಲ್ಲ, ಇದಕ್ಕಾಗಿ ಯಾರೂ ಪ್ರತಿಜ್ಞೆ ಸ್ವೀಕರಿಸಿದವರಲ್ಲ. ಆದರೂ ನಮ್ಮ ಕಸುಬಿನಲ್ಲಿ ತಾಮ್ರ, ಹಿತ್ತಾಳೆ ತಿಪ್ಪೆಗೆ ಬಿದ್ದದ್ದನ್ನು ಕಂಡವರಿಲ್ಲ. ಕಾರಣ ಸರಳ: ತಕ್ಕಡಿ ಎದುರಿಗಿದೆ, ದರ ಗೊತ್ತಿದೆ, ಬಿಲ್ಲು ಕೈಯಲ್ಲಿದೆ.

ಈಗ ಕರಿದುಳಿದ ಎಣ್ಣೆಯ ಮಾತಿಗೆ ಬರೋಣ. ಒಂದು ಮದುವೆಯ ಪೂರಿ, ಮಿರ್ಚಿ, ಬೋಂಡಾ, ಹಪ್ಪಳ, ಜಿಲೇಬಿ ಮುಗಿಯುವ ಹೊತ್ತಿಗೆ ಬಾಣಲೆಯಲ್ಲಿ ಕಪ್ಪಾಗಿ ಉಳಿಯುವ ಎಣ್ಣೆ ಎಷ್ಟೆಂದು ನಮ್ಮಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಅದು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ಸ್ವಲ್ಪ ಮೋರಿಗೆ ಹೋಗುತ್ತದೆ, ಮೋರಿಯಿಂದ ಮೂಸಿ ನದಿಗೆ. ಸ್ವಲ್ಪ ಮರುದಿನದ ಒಗ್ಗರಣೆಗೆ. ಉಳಿದದ್ದು ಹಿಂಬಾಗಿಲಿನಲ್ಲಿ ನಗದು ಕೊಟ್ಟು ಡಬ್ಬ ಒಯ್ಯುವವನ ಕೈಗೆ. ತಕ್ಕಡಿ ಇಲ್ಲ, ದರಪಟ್ಟಿ ಇಲ್ಲ, ಚೀಟಿ ಇಲ್ಲ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೆ. ಎಣ್ಣೆ ಮರುಬಳಕೆಯ ಕಂಪನಿಗಳು ನಮ್ಮಂಥ ಸಂಘಗಳ ಬಾಗಿಲು ತಟ್ಟುತ್ತಿವೆ, ಅದು ಸ್ವಾಗತಾರ್ಹ. ಆದರೆ ಅವರು ಬೇಗಂ ಬಜಾರಿನ ಪಾತ್ರೆ ವ್ಯಾಪಾರಿಯ ಹಾಗೆ ಬರಬೇಕು, ನಾವೂ ಪಾತ್ರೆ ಮಾರುವವರ ಹಾಗೆಯೇ ಕೂತು ಮಾತಾಡಬೇಕು.

ಸಭೆಯ ಅತಿಥಿಗಳು

ಇತ್ತೀಚಿನ ವರ್ಷಗಳಲ್ಲಿ ಸಂಘಗಳ ಸಭೆಗೆ ಇಂಥ ಕಂಪನಿಗಳ ಪ್ರತಿನಿಧಿಗಳು ಬರುವುದು ರೂಢಿಯಾಗಿದೆ. ಪರದೆಯ ಮೇಲೆ ಹಸಿರು ಚಿತ್ರಗಳನ್ನು ತೋರಿಸುತ್ತಾರೆ. ಸುಸ್ಥಿರತೆ, ಪಾಲುದಾರಿಕೆ, ಮುಂದಿನ ಪೀಳಿಗೆ ಎಂಬ ಮಾತುಗಳು ಬರುತ್ತವೆ. ಪ್ರತಿಜ್ಞಾ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಫಲಕ ಹಿಡಿದು ಗುಂಪು ಫೋಟೊ ಆಗುತ್ತದೆ, ಊಟ ಆಗುತ್ತದೆ. ಊಟ ಹೇಗೂ ನಮ್ಮದೇ! ಮುಂದೆ ನಮ್ಮ ಸಣ್ಣ ಸದಸ್ಯರೊಬ್ಬರು ಎರಡು ಡಬ್ಬ ಎಣ್ಣೆ ಕೂಡಿಟ್ಟು ಫೋನ್ ಮಾಡಿದರೆ, ಅಷ್ಟಕ್ಕೆ ಗಾಡಿ ಬರುವುದಿಲ್ಲ ಎಂಬ ಉತ್ತರ. ಹದಿನೈದು ದಿನ ಕಾದ ಮೇಲೆ ಆ ಎಣ್ಣೆ ಹಿಂಬಾಗಿಲಿನಿಂದಲೇ ಹೋಗುತ್ತದೆ. ಫೋಟೊ ಮಾತ್ರ ಕಂಪನಿಯ ವಾರ್ಷಿಕ ವರದಿಯಲ್ಲಿ ಉಳಿಯುತ್ತದೆ.

ಇದರಲ್ಲಿ ಯಾರದೋ ದುರುದ್ದೇಶವಿದೆ ಎಂದು ನಾವು ಹೇಳುತ್ತಿಲ್ಲ. ಎರಡು ಡಬ್ಬಕ್ಕಾಗಿ ಊರ ಆಚೆಯಿಂದ ಗಾಡಿ ಕಳಿಸಿದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ, ನಿಜ. ಹಾಗಿದ್ದರೆ ಸಭೆಯಲ್ಲಿ ಚರ್ಚೆಯಾಗಬೇಕಾದ ವಿಷಯ ಅದೇ: ಎರಡು ಡಬ್ಬದವನ ಎಣ್ಣೆಯನ್ನು ಎತ್ತುವುದು ಹೇಗೆ?

ಕಾನೂನು ಮತ್ತು ಆರೋಗ್ಯ

ಎಫ್‌ಎಸ್‌ಎಸ್‌ಎಐ ಎಂದು ನಾವೆಲ್ಲ ಕರೆಯುವ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈ 1ರಿಂದ ಒಂದು ಮಿತಿಯನ್ನು ಜಾರಿಗೆ ತಂದಿತು. ಎಣ್ಣೆಯನ್ನು ಪದೇ ಪದೇ ಕಾಯಿಸಿದಾಗ ಅದರಲ್ಲಿ ಪೋಲಾರ್ ಸಂಯುಕ್ತಗಳು ಹುಟ್ಟುತ್ತವೆ. ಇವುಗಳ ಒಟ್ಟು ಪ್ರಮಾಣ ಶೇ. 25ನ್ನು ಮೀರಿದರೆ ಆ ಎಣ್ಣೆ ಅಡುಗೆಗೆ ಅನರ್ಹ. ಇಂಥ ಎಣ್ಣೆಯ ಸೇವನೆಗೂ ರಕ್ತದೊತ್ತಡ, ರಕ್ತನಾಳ ಗಟ್ಟಿಯಾಗುವಿಕೆ, ಯಕೃತ್ತಿನ ಕಾಯಿಲೆಗಳಿಗೂ ಸಂಬಂಧವಿದೆ ಎಂದು ಪ್ರಾಧಿಕಾರವೇ ಎಚ್ಚರಿಸಿದೆ. ಇದನ್ನು ಅಳೆಯುವ ಕೈಮೀಟರುಗಳು ಬಂದಿವೆ. ಮೀಟರು ಇಲ್ಲದಿದ್ದರೂ ನಮ್ಮ ಅಡುಗೆಯವರ ಕಣ್ಣಿಗೆ ಗುರುತು ಸಿಗುತ್ತದೆ: ನೊರೆ ಇಳಿಯದಿರುವುದು, ನೀಲಿ ಬೂದು ಹೊಗೆ, ಕದಡಿದ ಕಪ್ಪು ಬಣ್ಣ, ಜಿಗುಟು.

ಇದರ ಬೆನ್ನಿಗೇ ಇನ್ನೊಂದು ಆದೇಶ ಬಂತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯನ್ನು ಕರಿಯಲು ಬಳಸುವವರು 2019ರ ಮಾರ್ಚ್ 1ರಿಂದ ಅದರ ಲೆಕ್ಕದ ಪುಸ್ತಕ ಇಡಬೇಕು, ಉಳಿದ ಎಣ್ಣೆಯನ್ನು ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು. ನಮ್ಮಲ್ಲಿ ಅನೇಕರು ದಿನನಿತ್ಯ ಈ ಪ್ರಮಾಣ ಮುಟ್ಟುವುದಿಲ್ಲ. ಆದರೆ ಮುಹೂರ್ತ ಇರುವ ದಿನ ಎರಡು ಮೂರು ಕಡೆ ಕೆಲಸ ಹಿಡಿದವರು ಸುಲಭವಾಗಿ ದಾಟುತ್ತಾರೆ. ಪುಸ್ತಕ ಇಲ್ಲದವರಿಗೆ ತಪಾಸಣೆಯ ದಿನ ಹೇಳಲು ಮಾತಿರುವುದಿಲ್ಲ.

ಕಾನೂನಿಗಿಂತ ದೊಡ್ಡದು ಇನ್ನೊಂದಿದೆ. ಹಿಂಬಾಗಿಲಿನಿಂದ ಹೋದ ಎಣ್ಣೆ ಸೋಸಿ, ಬಣ್ಣ ತಿಳಿ ಮಾಡಿ, ಮತ್ತೆ ಯಾರದೋ ಬಾಣಲೆಗೆ ಬೀಳಬಹುದು. ಅದನ್ನು ತಿನ್ನುವವರು ಅಗ್ಗದ ತಿಂಡಿಗೆ ನಿಲ್ಲುವ ಹಮಾಲರು, ಆಟೋದವರು, ಶಾಲೆ ಮಕ್ಕಳು. ಅನ್ನ ಹಾಕುವ ಕೈ ಎಂದು ಜನ ನಮಗೆ ಕೈಮುಗಿಯುತ್ತಾರೆ. ಆ ಗೌರವ ಉಳಿಯಬೇಕಾದರೆ ನಮ್ಮ ಬಾಣಲೆಯಿಂದ ಇಳಿದ ಎಣ್ಣೆ ಎಲ್ಲಿ ಮುಟ್ಟಿತು ಎಂದು ಹೇಳುವಂತಿರಬೇಕು.

ಇದುವರೆಗೆ ಆದದ್ದು

2018ರ ಆಗಸ್ಟ್‌ನಲ್ಲಿ, ವಿಶ್ವ ಜೈವಿಕ ಇಂಧನ ದಿನದಂದು, ಪ್ರಾಧಿಕಾರವು ರೂಕೋ ಎಂಬ ಯೋಜನೆಯನ್ನು ಪ್ರಾರಂಭಿಸಿತು. ಕರಿದುಳಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವುದು ಇದರ ಉದ್ದೇಶ. ಬಯೋಡೀಸೆಲ್ ತಯಾರಕರ ಸಂಘವಾದ ಬಯೋಡೀಸೆಲ್ ಅಸೋಸಿಯೇಷನ್ ಆಫ್ ಇಂಡಿಯಾವನ್ನು ಜೊತೆಗೆ ತೆಗೆದುಕೊಂಡರು. ಆರಂಭದಲ್ಲಿ 101 ಸ್ಥಳಗಳಲ್ಲಿ 64 ಕಂಪನಿಗಳನ್ನು ಗುರುತಿಸಲಾಗಿತ್ತು. ಮುಂಬಯಿ, ಪುಣೆಗಳಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಸುಮಾರು 100 ಮಳಿಗೆಗಳ ಎಣ್ಣೆಯನ್ನು ಆಗಲೇ ಬಯೋಡೀಸೆಲ್ಲಿಗೆ ಕೊಡುತ್ತಿತ್ತು.

2019ರ ಆಗಸ್ಟ್‌ನಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳು 100 ನಗರಗಳಲ್ಲಿ ಇಂಥ ಬಯೋಡೀಸೆಲ್ ಕೊಳ್ಳಲು ಮುಂದೆ ಬಂದವು. ಲೀಟರಿಗೆ ಮೊದಲ ವರ್ಷ 51 ರೂ., ಎರಡನೇ ವರ್ಷ 52.70 ರೂ., ಮೂರನೇ ವರ್ಷ 54.50 ರೂ. ಎಂದು ದರ ಸಾರಿದವು. ಆ ಯೋಜನೆಯಡಿ ಮೊದಲ ಟ್ಯಾಂಕರಿಗೆ ದೆಹಲಿಯಲ್ಲಿ ಹಸಿರು ನಿಶಾನೆ ತೋರಿಸಿದ್ದು 2021ರ ಮೇ ತಿಂಗಳಲ್ಲಿ. ದರ ಸಾರಿದ ದಿನದಿಂದ ಟ್ಯಾಂಕರು ಹೊರಡುವ ದಿನಕ್ಕೆ ಒಂದೂ ಮುಕ್ಕಾಲು ವರ್ಷ ಹಿಡಿಯಿತು.

ಈಗ ವಿಮಾನದ ಸರದಿ. ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇ. 1, 2028ಕ್ಕೆ ಶೇ. 2, 2030ಕ್ಕೆ ಶೇ. 5ರಷ್ಟು ಸುಸ್ಥಿರ ಇಂಧನ ಬೆರೆಸುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿದೆ. 2025ರ ಆಗಸ್ಟ್‌ನಲ್ಲಿ ಇಂಡಿಯನ್ ಆಯಿಲ್ ಕಂಪನಿಯ ಪಾಣಿಪತ್ ಘಟಕಕ್ಕೆ ಕರಿದ ಎಣ್ಣೆಯಿಂದ ಈ ಇಂಧನ ತಯಾರಿಸಲು ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ಆಗ ಆ ಕಂಪನಿಯ ಅಧ್ಯಕ್ಷರು ಹೇಳಿದ ಮಾತನ್ನು ನಾವು ಗಮನಿಸಬೇಕು. ದೇಶದಲ್ಲಿ ಎಣ್ಣೆಗೆ ಕೊರತೆಯಿಲ್ಲ, ಕಷ್ಟವಿರುವುದು ಸಂಗ್ರಹದಲ್ಲಿ. ದೊಡ್ಡ ಹೋಟೆಲುಗಳಿಂದ ಎತ್ತುವುದು ಸುಲಭ, ಸಣ್ಣ ಬಳಕೆದಾರರಿಂದ ಎತ್ತಲು ದಾರಿ ಹುಡುಕಬೇಕು ಎಂಬುದು ಅದರ ತಾತ್ಪರ್ಯ.

ಆ ಸಣ್ಣ ಬಳಕೆದಾರರೆಂದರೆ ಮತ್ತಾರು? ನಾವೇ. ಮೆಕ್‌ಡೊನಾಲ್ಡ್ಸ್‌ಗೆ ನೂರು ಅಡುಗೆಮನೆ ಇದ್ದರೂ ಸಹಿ ಹಾಕುವ ಕೈ ಒಂದು. ನಮ್ಮಲ್ಲಿ ನೂರು ಅಡುಗೆಮನೆಗೆ ನೂರು ಮಾಲೀಕರು. ಅವರ ಮುಖ್ಯ ಕಚೇರಿ ಮಾಡುವ ಕೆಲಸವನ್ನು ನಮಗೆ ಸಂಘವಲ್ಲದೆ ಇನ್ನಾರೂ ಮಾಡಿಕೊಡಲಾರರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಈ ವ್ಯಾಪಾರಕ್ಕೇ ಮಾಡಿದ ಹಾಗಿದೆ.

ಮರುಬಳಕೆಯಲ್ಲಿ ಗೆದ್ದ ಬೇರೆ ಕಂಪನಿಗಳನ್ನೂ ನೋಡಿ. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಅಹ್ಮದ್ ಖಾನ್, ರಸೂಲ್ ಖಾನ್ ಸಹೋದರರು ಪ್ಲಾಸ್ಟಿಕ್ ತ್ಯಾಜ್ಯವನ್ನು ಡಾಂಬರಿಗೆ ಬೆರೆಸಿ ರಸ್ತೆ ಮಾಡಲು ಹೊರಟರು. 2002ರಿಂದ ಅಲ್ಲಿ ಅಂಥ ರಸ್ತೆಗಳು ಬಂದವು. ಅದಕ್ಕಾಗಿ ಅವರು, ಯಾರೂ ಮುಟ್ಟದ ಕವರುಗಳಿಗೆ ಚಿಂದಿ ಆಯುವವರಿಗೆ ಕಿಲೋ ಲೆಕ್ಕದಲ್ಲಿ ಹಣ ಕೊಟ್ಟರು. ಹೈದರಾಬಾದಿನಲ್ಲಿ 2013ರಲ್ಲಿ ಆರಂಭವಾದ ಬನ್ಯನ್ ನೇಷನ್ ಕಂಪನಿ ಪ್ಲಾಸ್ಟಿಕ್ ಮರುಬಳಕೆಗೆ ಊರಿನ ಗುಜರಿಯವರನ್ನು ದೂರ ಸರಿಸಲಿಲ್ಲ. ಅವರನ್ನೇ ತನ್ನ ಜಾಲದೊಳಗೆ ತಂದು ಸರಕಿನ ಲೆಕ್ಕ ಇಟ್ಟಿತು. 2018ರಲ್ಲಿ ದಾವೋಸ್‌ನಲ್ಲಿ ಅದಕ್ಕೆ ಪ್ರಶಸ್ತಿಯೂ ಬಂತು. ಎರಡು ಕಡೆಯೂ ಕಸ ಕೊಡುವವನನ್ನು ವ್ಯಾಪಾರದ ಇನ್ನೊಂದು ಪಕ್ಷವೆಂದು ಎಣಿಸಿದ್ದರಿಂದ ಕೆಲಸ ನಡೆಯಿತು.

ಹೆಚ್ಚು ದರದ ಗುಟ್ಟು

ಹಿಂಬಾಗಿಲಿನವನು ಹೆಚ್ಚು ಕೊಡುತ್ತಾನಲ್ಲ, ಕಂಪನಿಗೆ ಏಕೆ ಕೊಡಬೇಕು ಎಂದು ಸದಸ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರವೂ ಲೆಕ್ಕದಲ್ಲೇ ಇದೆ. ಬಯೋಡೀಸೆಲ್ ಮಾಡುವವನು ನಮ್ಮ ಎಣ್ಣೆಗೆ ಮೆಥನಾಲ್, ಕಾಸ್ಟಿಕ್ ಸೇರಿಸಿ, ಗ್ಲಿಸರಿನ್ ಬೇರ್ಪಡಿಸಿ, ಇಂಧನದ ದರಕ್ಕೆ ಮಾರಬೇಕು. ತೈಲ ಕಂಪನಿ 51 ರೂಪಾಯಿಗೆ ಕೊಂಡ ಕಾಲದಲ್ಲಿ, ಸಾಗಣೆ ಮತ್ತು ಸಂಸ್ಕರಣೆಯ ಖರ್ಚು ಕಳೆದು ಅದಕ್ಕಿಂತ ಕಡಿಮೆಯೇ ನಮಗೆ ಕೊಡಲು ಸಾಧ್ಯವಿತ್ತು. ಅಡುಗೆ ಎಣ್ಣೆಯ ದರಕ್ಕೆ ಮಾರುವವನಿಗೆ ಈ ಕಟ್ಟು ಇಲ್ಲ. ಆದ್ದರಿಂದ ಹಳೆ ಎಣ್ಣೆಗೆ ಯಾರಾದರೂ ಹೊಸ ಎಣ್ಣೆಯ ಹತ್ತಿರದ ದರ ಕೊಟ್ಟರೆ, ಅದು ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ಆ ದರವೇ ಸುಳಿವು.

ಹೆಚ್ಚು ಕೊಡುವವರೆಲ್ಲ ಕಳ್ಳರೆಂದೂ ಅಲ್ಲ. ಎಣ್ಣೆ ಕೂಡಿಸಿ ಹೊರದೇಶಕ್ಕೆ ಕಳಿಸುವ ಸಂಗ್ರಹಕಾರರಿದ್ದಾರೆ, ಅವರಿಗೆ ಒಳ್ಳೆಯ ದರ ಗಿಟ್ಟಬಹುದು. ವ್ಯತ್ಯಾಸ ತಿಳಿಯಲು ಒಂದೇ ಪರೀಕ್ಷೆ: ಹೆಸರು, ಪರವಾನಗಿ ಸಂಖ್ಯೆ, ಲೀಟರು, ದಿನಾಂಕ ಬರೆದ ಚೀಟಿ ಕೊಡುತ್ತಾನೋ ಇಲ್ಲವೋ?

ಎಣ್ಣೆ ಯಾರದು?

ಹೊರಗಿನಿಂದ ಬರುವ ಕಂಪನಿಯವರಿಗೆ ಅಷ್ಟಾಗಿ ತಿಳಿಯದ ಒಂದು ತೊಡಕು ನಮ್ಮ ಕಸುಬಿನೊಳಗೇ ಇದೆ. ಪ್ಲೇಟಿನ ಲೆಕ್ಕದಲ್ಲಿ ಗುತ್ತಿಗೆ ಹಿಡಿದಾಗ ಉಳಿದ ಎಣ್ಣೆ ಕೇಟರಿಂಗ್‌ನವರದು. ಸಾಮಾನು ಮನೆಯವರದು, ಕೆಲಸ ಮಾತ್ರ ನಮ್ಮದು ಎಂದಾಗ ಎಣ್ಣೆಯೂ ಮನೆಯವರದೇ. ಅವರು ಅದನ್ನು ಒಯ್ಯುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಇನ್ನು ಖಾಲಿ ಡಬ್ಬ ಮತ್ತು ಹಳೆ ಎಣ್ಣೆಯ ಪುಡಿಗಾಸು ಎಷ್ಟೋ ಕಡೆ ಅಡುಗೆಯವರ ಮತ್ತು ಹುಡುಗರ ಪಾಲು. ಇದು ಬಾಯಿಮಾತಿನ ಹಕ್ಕು. ಇದನ್ನು ಕಿತ್ತುಕೊಂಡು ಪರಿಸರದ ಪಾಠ ಹೇಳಿದರೆ ಎಣ್ಣೆ ಕಂಪನಿಯ ಕ್ಯಾನಿಗೆ ಬರುವುದಿಲ್ಲ, ರಾತ್ರೋರಾತ್ರಿ ಹೊರಟುಹೋಗುತ್ತದೆ.

ಆದ್ದರಿಂದ ಅಂದಾಜು ಪಟ್ಟಿ ಕೊಡುವಾಗಲೇ, ಕರಿದುಳಿದ ಎಣ್ಣೆಯನ್ನು ಅಧಿಕೃತ ಸಂಗ್ರಹಕ್ಕೆ ಕೊಡಲಾಗುವುದು ಎಂದು ಒಂದು ಸಾಲು ಬರೆಯೋಣ. ಬಂದ ಹಣದಲ್ಲಿ ಅಡುಗೆಯವರಿಗೆ ನಿಗದಿಯಾದ ಪಾಲನ್ನು ಕೊಡೋಣ. ಪಾಲು ಸಿಗುವುದಾದರೆ ಅವರೇ ಎಣ್ಣೆ ಸೋಸಿ ಜೋಪಾನವಾಗಿ ಇಡುತ್ತಾರೆ.

ಕಂಪನಿಗಳಿಂದ ನಾವು ಕೇಳಬೇಕಾದದ್ದು

1. ದರಪಟ್ಟಿ. ತಿಂಗಳಿಗೊಮ್ಮೆ ಸಂಘದ ಫಲಕದಲ್ಲಿ ಹಾಕುವಂತಿರಬೇಕು. ನೀರು, ಚೂರು ಬೆರೆತ ಎಣ್ಣೆಗೆ ಎಷ್ಟು ಕಡಿತ ಎಂಬುದೂ ಅದರಲ್ಲಿರಬೇಕು.

2. ಗಾಡಿಯ ದಿನ. ವಾರದಲ್ಲಿ ಯಾವ ದಿನ, ಯಾವ ಹೊತ್ತು ಎಂದು ನಿಗದಿಯಾಗಬೇಕು. ತುಂಬಿದ ಕ್ಯಾನು ಒಯ್ಯುವಾಗ ತೊಳೆದ ಖಾಲಿ ಕ್ಯಾನು ಬಿಟ್ಟುಹೋಗಬೇಕು.

3. ಚೀಟಿ. ಆಹಾರ ಸುರಕ್ಷತಾ ಅಧಿಕಾರಿಗೆ ತೋರಿಸಿದರೆ ನಡೆಯುವಂಥದ್ದು. ಐದು ಲೀಟರ್ ಕೊಟ್ಟವರಿಗೂ ಸಿಗಬೇಕು.

4. ವರ್ಷದ ಲೆಕ್ಕ. ನಮ್ಮ ಸದಸ್ಯರಿಂದ ಎಷ್ಟು ಎತ್ತಿದಿರಿ, ಯಾವ ಕಾರ್ಖಾನೆಗೆ ಕೊಟ್ಟಿರಿ ಎಂದು ವಾರ್ಷಿಕ ಮಹಾಸಭೆಗೆ ಬಂದು ಒಪ್ಪಿಸಬೇಕು. ನಾಲ್ಕು ಸದಸ್ಯರು ಕಾರ್ಖಾನೆಗೆ ಹೋಗಿ ನೋಡಿ ಬರಲು ಬಾಗಿಲು ತೆರೆದಿರಬೇಕು.

ಇವು ನಾಲ್ಕಕ್ಕೂ ಒಪ್ಪುವ ಕಂಪನಿಯ ಪ್ರತಿಜ್ಞಾ ಪತ್ರಕ್ಕೆ ನಾವು ಮೊದಲು ಸಹಿ ಹಾಕೋಣ. ಒಪ್ಪದವರಿಗೆ ನಮಸ್ಕಾರ ಹೇಳಿ ಕಾಫಿ ಕೊಟ್ಟು ಕಳಿಸೋಣ.

ಸಂಘದಿಂದ ಆಗಬೇಕಾದದ್ದು

ಮೊದಲನೆಯದು, ಎಣ್ಣೆ ಕೂಡಿಸುವ ಸ್ಥಳ. ಇದಕ್ಕೆ ಬೇಗಂ ಬಜಾರಿನ ಆಸುಪಾಸೇ ತಕ್ಕದ್ದೆಂದು ನಮ್ಮ ಅಭಿಪ್ರಾಯ. ನಮ್ಮ ಸದಸ್ಯರ ಗಾಡಿಗಳು ಸರಕಿಗಾಗಿ ಹೇಗೂ ಅಲ್ಲಿಗೆ ಖಾಲಿ ಬರುತ್ತವೆ. ಬರುವಾಗ ಬಿಗಿಯಾಗಿ ಮುಚ್ಚಿದ ಕ್ಯಾನು ತಂದು, ಹೋಗುವಾಗ ಸಾಮಾನು ಒಯ್ದರೆ ಸಾಗಣೆಗೆ ಬೇರೆ ಖರ್ಚಿಲ್ಲ. ಗಲ್ಲಿಗಳು ಇಕ್ಕಟ್ಟಾದ್ದರಿಂದ ಒಳಗೆ ಆಗದು. ಅಫ್ಜಲ್‌ಗಂಜ್ ಅಥವಾ ಉಸ್ಮಾನ್‌ಗಂಜ್ ಕಡೆಯ ಅಂಚಿನಲ್ಲಿ ಒಂದು ಸಣ್ಣ ಗೋದಾಮು, ವಾರಕ್ಕೆ ಒಂದು ದಿನ ಸಾಕು. ಉದಾಹರಣೆಗೆ 40 ಸದಸ್ಯರು ವಾರಕ್ಕೆ 10 ಲೀಟರಿನಂತೆ ತಂದರೂ 400 ಲೀಟರಾಯಿತು. ಎರಡು ಡಬ್ಬಕ್ಕೆ ಬಾರದ ಗಾಡಿ 400 ಲೀಟರಿಗೆ ಬರುತ್ತದೆ. ಬೀದರ, ಕಲಬುರಗಿ, ರಾಯಚೂರಿನ ಸದಸ್ಯರಿಗೆ ಆಯಾ ಊರಿನಲ್ಲೇ ಇಂಥ ಏರ್ಪಾಟಾಗಬೇಕು.

ಎರಡನೆಯದು, ತಕ್ಕಡಿ. ಅದು ಸಂಘದ್ದಾಗಿರಲಿ, ಕಂಪನಿಯದಲ್ಲ. ತೂಕ ನಮ್ಮವರ ಎದುರಿಗೆ ಆಗಲಿ. ಮೂರನೆಯದು, ಪುಸ್ತಕ. ಸದಸ್ಯರ ಲೆಕ್ಕಕ್ಕೆ ಒಂದೇ ಮಾದರಿಯ ಪುಸ್ತಕವನ್ನು ಸಂಘವೇ ಅಚ್ಚು ಹಾಕಿಸಿ ಕೊಡಬಹುದು. ನಾಲ್ಕನೆಯದು, ಒಂದು ಮೀಟರು. ಪೋಲಾರ್ ಪ್ರಮಾಣ ತೋರಿಸುವ ಈ ಉಪಕರಣ ಒಬ್ಬೊಬ್ಬರು ಕೊಳ್ಳಲು ದುಬಾರಿ, ಸಂಘಕ್ಕೆ ಒಂದಿದ್ದರೆ ಹತ್ತಾರು ಜನರಿಗೆ ಆಗುತ್ತದೆ. ನಮ್ಮ ಎಣ್ಣೆ ತಮಗೆ ಬೇಕೆನ್ನುವ ಕಂಪನಿಗಳು ಫಲಕ, ಬ್ಯಾನರಿಗೆ ಮಾಡುವ ಖರ್ಚಿನಲ್ಲಿ ಇಂಥದ್ದನ್ನು ಕೊಟ್ಟರೆ ನಾವು ಹೆಚ್ಚು ಸಂತೋಷಪಡುತ್ತೇವೆ.

ನಮ್ಮ ಅಡುಗೆಮನೆಯಲ್ಲಿ

ಕಂಪನಿಯನ್ನು ಕೇಳುವಷ್ಟೇ ಶಿಸ್ತು ನಮ್ಮಲ್ಲೂ ಬೇಕು. ಎಣ್ಣೆ ಆರಿದ ಮೇಲೆ ಸೋಸಿ, ಚೂರು ತೆಗೆದು ತುಂಬಬೇಕು. ತೊಳೆದ ಬಾಣಲೆಯ ನೀರು ಬೆರೆಸಬಾರದು. ನೀರು ಮತ್ತು ಹುಳಿತ ಎಣ್ಣೆಯಿಂದ ಕಾರ್ಖಾನೆಯಲ್ಲಿ ಬಯೋಡೀಸೆಲ್ಲಿನ ಬದಲು ಸಾಬೂನು ಕಟ್ಟುತ್ತದೆ, ದರ ಇಳಿಯುವುದು ಅದಕ್ಕೇ. ಹಳೆಯದಕ್ಕೆ ಹೊಸ ಎಣ್ಣೆ ಸುರಿದು ಮುಂದುವರಿಸುವ ಅಭ್ಯಾಸ ಬಿಡಬೇಕು. ಹೊಸದೂ ಬೇಗ ಕೆಡುತ್ತದೆ. ಕರಿದ ಎಣ್ಣೆಯ ಕ್ಯಾನಿಗೆ ಬೇರೆ ಬಣ್ಣ, ಬೇರೆ ಜಾಗ ಇರಲಿ. ಮೋರಿಗೆ ಒಂದು ಸೌಟೂ ಹೋಗದಿರಲಿ. ಜಿಡ್ಡು ಕೊಳವೆಯಲ್ಲಿ ಹೆಪ್ಪುಗಟ್ಟಿ, ಅನ್ನ ತರಕಾರಿ ಚೂರು ಅದಕ್ಕೆ ಅಂಟಿ ಕಟ್ಟಿಕೊಂಡರೆ, ಉಕ್ಕುವುದು ನಮ್ಮ ಬೀದಿಯಲ್ಲೇ.

ಸಣ್ಣ ಸದಸ್ಯರಿಗೆ ಇದೆಲ್ಲ ಹೆಚ್ಚಿನ ಕೆಲಸವೆಂದು ಅನ್ನಿಸಬಹುದು. ಬರುವ ಹಣವೂ ದೊಡ್ಡದಲ್ಲ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಚೀಟಿಗೆ ಇನ್ನೊಂದು ಬೆಲೆಯಿದೆ. ಕಂಪನಿಗಳ ಕ್ಯಾಂಟೀನ್, ಕಾಲೇಜು ಹಾಸ್ಟೆಲ್‌ಗಳ ಗುತ್ತಿಗೆಯಲ್ಲಿ ತ್ಯಾಜ್ಯದ ಲೆಕ್ಕ ಕೇಳುವುದು ಶುರುವಾಗಿದೆ. ದೊಡ್ಡವರ ಎದುರು ನಮ್ಮ ಸಣ್ಣವರು ನಿಲ್ಲಬೇಕಾದರೆ ರುಚಿಯ ಜೊತೆಗೆ ಆ ಕಾಗದವೂ ಕೈಯಲ್ಲಿರಬೇಕು.

ಸಂಘದ ಕಾರ್ಯಕಾರಿ ಸಮಿತಿಯು ಈ ವಿಷಯವನ್ನು ಮುಂದಿನ ಸಭೆಯ ಪಟ್ಟಿಯಲ್ಲಿ ಸೇರಿಸಬೇಕೆಂದು ನಾವು ಕೋರುತ್ತೇವೆ. ಸದಸ್ಯರು ತಮ್ಮಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಉಳಿಯುತ್ತದೆ, ಈಗ ಯಾವ ದರ ಸಿಗುತ್ತಿದೆ, ಚೀಟಿ ಸಿಗುತ್ತದೆಯೇ ಎಂಬ ಮೂರು ಮಾತು ಬರೆದು ಸಂಘದ ಕಚೇರಿಗೆ ತಲುಪಿಸಿದರೆ ಸಾಕು. ಆ ಅಂಕಿಗಳು ಕೈಯಲ್ಲಿದ್ದರೆ, ಮುಂದೆ ಯಾವ ಕಂಪನಿ ಬಂದರೂ ನಾವು ವ್ಯಾಪಾರಸ್ಥರ ಹಾಗೆ ಎದುರು ಕೂತು ಮಾತಾಡಬಹುದು.